ನೀವು ಬಂದದ್ದು ನನ್ನ ಫೋನಿಗೆ ಬರಲ್ವಲ್ಲ ಅಕ್ಕ

"ಅಕ್ಕ, ನಾನು ಗೇಟ್ ದಾಟಿದ ತಕ್ಷಣ ನಿಮ್ಮ ಫೋನಿಗೆ ಗೊತ್ತಾಗುತ್ತಂತೆ, ಹೌದಾ?"

ನಾನು ಚಪಾತಿ ಹಿಟ್ಟು ನಾದುತ್ತಿದ್ದೆ. ಹೂಂ ಅಂದೆ.

"ನೀವು ಎಷ್ಟೊತ್ತಿಗೆ ಬಂದ್ರಿ, ಎಷ್ಟೊತ್ತಿಗೆ ಹೋದ್ರಿ ಅಂತ ನನ್ನ ಫೋನಿಗೆ ಬರಲ್ವಲ್ಲ?"

ನಮ್ಮನೆ ಕೆಲಸಕ್ಕೆ ಬರುವವರು ಜಗಳದ ದನಿಯಲ್ಲಿ ಕೇಳಿದ್ದಲ್ಲ. ಸಿಂಕಿನ ಹತ್ತಿರ ನಿಂತು ಕುಕ್ಕರಿನ ತಳ ಉಜ್ಜುತ್ತಾ, ಇವತ್ತು ನೀರು ಸಣ್ಣಗೆ ಬರ್ತಿದೆಯಲ್ಲ ಅನ್ನುವ ಹಾಗೆ ಕೇಳಿದರು. ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಆಮೇಲೆ ವಿಷಯ ಬಿಚ್ಚಿದರು. ಹಿಂದಿನ ಗುರುವಾರ ನಾವು ಮದುವೆಗೆಂದು ಬೆಳಗ್ಗೆಯೇ ಹೊರಟಿದ್ದೆವು. ಅವರಿಗೆ ಹೇಳುವುದು ಮರೆತಿತ್ತು. ಬಂದರು, ಬೀಗ ನೋಡಿದರು, ಹೋದರು. ದಿನಕ್ಕೆ ಐದು ಮನೆ ಅವರಿಗೆ. ಒಂದು ತಪ್ಪಿದರೆ ಮಿಕ್ಕ ನಾಲ್ಕರ ಹೊತ್ತೂ ಏರುಪೇರು. "ನಿಮಗೆ ಬರೋ ಹಾಗೆ ನನಗೂ ಬಂದಿದ್ರೆ ಆವತ್ತು ಮನೇಲಿ ಇನ್ನೊಂದು ಗಂಟೆ ಮಲಗ್ತಿದ್ದೆ" ಅಂದರು.

ಅವರು ಹೋದ ಮೇಲೆ ಗೇಟಿನ ಆ್ಯಪ್‌ನಲ್ಲಿ ಆ ಗುರುವಾರದ ಲೆಕ್ಕ ತೆಗೆದು ನೋಡಿದೆ. ಒಳಗೆ ಬಂದದ್ದು 10.42. ಹೊರಗೆ ಹೋದದ್ದು 10.49. ಅಷ್ಟೇ ಇದೆ. ನೋಡಿದವರಿಗೆ ಏಳೇ ನಿಮಿಷದಲ್ಲಿ ಕೆಲಸ ಮುಗಿಸಿ ಜಾರಿಕೊಂಡ ಹಾಗೆ ಕಾಣುತ್ತದೆ. ಬೀಗ ಹಾಕಿಕೊಂಡು ಹೋದವಳು ನಾನು ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ.

ನಮ್ಮದು ಬನಶಂಕರಿ ಮೂರನೇ ಹಂತದಲ್ಲಿ ಅರವತ್ತು ಮನೆಗಳ ಅಪಾರ್ಟ್‌ಮೆಂಟು. ತುಂಬಾ ದೊಡ್ಡದಲ್ಲ. ಮೊದಲು ಗೇಟಿನಲ್ಲಿ ಒಂದು ಉದ್ದ ನೋಟ್‌ಬುಕ್ ಇತ್ತು. ಅದಕ್ಕೆ ದಾರದಿಂದ ಕಟ್ಟಿದ ಪೆನ್ನು. ಹೆಸರು, ಫೋನ್ ನಂಬರು, ಯಾವ ಮನೆ, ಎಷ್ಟು ಗಂಟೆ, ಸಹಿ. ನನ್ನ ತಮ್ಮ ಒಮ್ಮೆ ಹೆಸರಿನ ಜಾಗದಲ್ಲಿ ಕೆಂಪೇಗೌಡ ಅಂತ ಬರೆದು ಒಳಗೆ ಬಂದಿದ್ದ. ಯಾರೂ ಕೇಳಲಿಲ್ಲ. ಹಾಗಂತ ಆ ಪುಸ್ತಕವನ್ನು ಹೊಗಳುವುದಕ್ಕೂ ಆಗುವುದಿಲ್ಲ. ಯಾರು ಬೇಕಾದರೂ ಪುಟ ತಿರುವಿ ಯಾರ ನಂಬರನ್ನಾದರೂ ಬರೆದುಕೊಂಡು ಹೋಗಬಹುದಿತ್ತು. ಪುಸ್ತಕ ತುಂಬಿದ ಮೇಲೆ ರದ್ದಿಯವನ ತಕ್ಕಡಿಗೆ ಹೋಗುತ್ತಿತ್ತು. ಅಲ್ಲಿಂದ ಯಾವ ಕಡಲೆಕಾಯಿ ಪೊಟ್ಟಣವಾಯಿತೋ.

ಕೊರೊನಾ ಕಾಲದಲ್ಲಿ ಪೆನ್ನು ಮುಟ್ಟುವುದು ಬೇಡ ಅಂತ ಆ್ಯಪ್ ಬಂತು. ಕೊರೊನಾ ಹೋಯಿತು, ಆ್ಯಪ್ ಉಳಿಯಿತು. ಅದು ಬರಲಿ ಅಂತ ಸಭೆಯಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನೆಂಟರು ಬಂದರೆ ಫೋನ್ ಟಿಂಗ್ ಅನ್ನುತ್ತದೆ, ಒಳಗೆ ಬಿಡಿ ಅಂತ ಒತ್ತಿದರೆ ಆಯಿತು. ಅದರಲ್ಲಿ ತಕರಾರಿಲ್ಲ. ಆದರೆ ಮನೆಕೆಲಸದವರು, ಡ್ರೈವರು, ಕಾರು ಒರೆಸುವ ಹುಡುಗ, ಇವರದ್ದು ಬೇರೆಯೇ ಪುಟ. ಫೋಟೋ, ಆಧಾರ್ ಕಾರ್ಡಿನ ಚಿತ್ರ, ಯಾವ ಯಾವ ಮನೆಯಲ್ಲಿ ಕೆಲಸ, ಯಾವ ಹೊತ್ತು ಬಿಡುವು. ತಿಂಗಳ ಕ್ಯಾಲೆಂಡರಿನಲ್ಲಿ ಬಂದ ದಿನ ಹಸಿರು, ಬಾರದ ದಿನ ಕೆಂಪು. ಮೇಲೆ ನಕ್ಷತ್ರಗಳು. ಹೋಟೆಲ್ಲಿಗೆ, ಆಟೋಗೆ ಕೊಡುವ ಹಾಗೆ ಮನುಷ್ಯರಿಗೂ ಐದರಲ್ಲಿ ಎಷ್ಟು ಅಂತ. ನಮ್ಮನೆಗೆ ಬರುವವರಿಗೆ 3.8 ಇತ್ತು. ಯಾರು ಕಡಿಮೆ ಕೊಟ್ಟರೋ ಗೊತ್ತಿಲ್ಲ. ಅವರಿಗಂತೂ ಹಾಗೊಂದು ಅಂಕ ಇದೆ ಅನ್ನುವುದೇ ಗೊತ್ತಿರಲಿಲ್ಲ. ನಮ್ಮತ್ತೆ ಕಾಲದಲ್ಲಿ ಹಾಲಿನವನ ಲೆಕ್ಕಕ್ಕೆ ಅಡುಗೆಮನೆ ಗೋಡೆಯ ಮೇಲೆ ಇದ್ದಿಲಲ್ಲಿ ಗೀರು ಹಾಕುತ್ತಿದ್ದರು. ಹಾಲಿನವನೂ ಆ ಗೀರು ನೋಡುತ್ತಿದ್ದ, "ಅಮ್ಮಾ, ಮಂಗಳವಾರದ್ದು ಹಾಕಿಲ್ಲ" ಅಂತ ಜಗಳ ತೆಗೆಯುತ್ತಿದ್ದ. ಗೋಡೆ ಇಬ್ಬರಿಗೂ ಕಾಣುತ್ತಿತ್ತು.

ಆ ತಿಂಗಳ ಸಭೆಯಲ್ಲಿ ಈ ಮಾತು ಎತ್ತಿದೆ. ನಮ್ಮ ಸಭೆ ನಡೆಯುವುದು ಬೇಸ್‌ಮೆಂಟಿನಲ್ಲಿ, ಎರಡು ಕಾರು ಪಕ್ಕಕ್ಕೆ ಸರಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು. ನೀರಿನ ಟ್ಯಾಂಕರ್ ದುಡ್ಡು, ಲಿಫ್ಟ್ ರಿಪೇರಿ, ಯಾರದೋ ನಾಯಿ. ಇವೆಲ್ಲ ಮುಗಿಯುವ ಹೊತ್ತಿಗೆ ಜನರಿಗೆ ಮನೆ ನೆನಪಾಗಿರುತ್ತದೆ. ಆದರೆ ಆವತ್ತು ಯಾರೂ ಏಳಲಿಲ್ಲ.

ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಮೊದಲು ಮಾತಾಡಿದರು. "ತಪ್ಪು ಮಾಡದವರಿಗೆ ಭಯ ಯಾಕಮ್ಮ? ಮುಚ್ಚಿಡೋಕೆ ಏನಿದೆ?" ಈ ಮಾತಿಗೆ ಎಲ್ಲ ಸಭೆಯಲ್ಲೂ ತಲೆದೂಗುವವರು ಸಿಗುತ್ತಾರೆ. ಇದೇ ಹಿರಿಯರು ಹಿಂದಿನ ವಾರ ಕತ್ರಿಗುಪ್ಪೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿಯ ಜೊತೆ ಕಾಲು ಗಂಟೆ ವಾದ ಮಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಒಂದು ಲುಂಗಿ ಕೊಳ್ಳೋಕೆ ನನ್ನ ಫೋನ್ ನಂಬರ್ ಯಾಕೆ ಅಂತ. ನ್ಯಾಯ ಅವರ ಕಡೆಗೇ ಇತ್ತು. ನಂಬರ್ ಕೊಡಲೇಬೇಕು ಅಂತ ಗಿರಾಕಿಗಳನ್ನು ಒತ್ತಾಯ ಮಾಡಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಹೇಳಿದೆ. ಲುಂಗಿಯ ವಿಷಯದಲ್ಲಿ ಅವರು ಮುಚ್ಚಿಡುವುದಕ್ಕೆ ಏನಿತ್ತು ಅಂತ ನಾನು ಸಭೆಯಲ್ಲಿ ಕೇಳಲಿಲ್ಲ. ದೊಡ್ಡವರು.

ಎರಡನೇ ಮಹಡಿಯಲ್ಲಿ ಒಬ್ಬರೇ ಇರುವ ಹುಡುಗಿ ಎದ್ದಳು. ಅವಳ ಮಾತು ನನಗೆ ನಾಟಿತು. "ಆಂಟಿ, ಈ ಆ್ಯಪ್ ಬರೋ ಮೊದಲು ರಾತ್ರಿ ಹನ್ನೊಂದಕ್ಕೆ ಯಾರ್ಯಾರೋ ಬಂದು ಬೆಲ್ ಹೊಡೀತಿದ್ರು. ಈಗ ನಾನು ಹೂಂ ಅನ್ನದೆ ಯಾರೂ ಲಿಫ್ಟ್ ಹತ್ತಲ್ಲ. ಅದನ್ನ ತೆಗೀಬೇಡಿ." ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ತನ್ನ ಬಾಗಿಲಿಗೆ ಯಾರು ಬರಬೇಕು ಅಂತ ತಾನೇ ಹೇಳುವುದು, ಅದೂ ಖಾಸಗಿತನವೇ ಅಲ್ವಾ? ನನಗೆ ಬೇಡವಾಗಿದ್ದದ್ದು ಗೇಟಲ್ಲ. ನಕ್ಷತ್ರ, ಕೆಂಪು ಹಸಿರಿನ ಕ್ಯಾಲೆಂಡರು, ಅರವತ್ತು ಮನೆಗೂ ಕಾಣುವ ಒಬ್ಬ ಹೆಂಗಸಿನ ಇಡೀ ದಿನದ ಓಡಾಟ, ಇವು. ಅದನ್ನು ನಾನು ಅಷ್ಟು ಚೆನ್ನಾಗಿ ಹೇಳಲಿಲ್ಲ. ತೊದಲಿದೆ.

ಆಮೇಲೊಬ್ಬ ಯುವಕ. ಸಾಫ್ಟ್‌ವೇರ್ ಕೆಲಸ. ಅವನ ಲ್ಯಾಪ್‌ಟಾಪಿನ ಕ್ಯಾಮೆರಾದ ಮೇಲೆ ಸದಾ ಒಂದು ಪುಟ್ಟ ಸ್ಟಿಕ್ಕರ್ ಇರುತ್ತದೆ. ತನ್ನ ಮಾಹಿತಿಯನ್ನು ಯಾವ ಕಂಪನಿ ಎಲ್ಲಿ ಕದಿಯುತ್ತದೆ ಅಂತ ಗಂಟೆಗಟ್ಟಲೆ ಹೇಳಬಲ್ಲ. ಅವನ ಸಲಹೆ ಏನು ಅಂದರೆ, ಕೆಲಸದವರ ಕಾರ್ಡು ಒಬ್ಬರದ್ದನ್ನು ಇನ್ನೊಬ್ಬರು ಬಳಸುತ್ತಾರೆ, ಮುಖ ನೋಡಿ ಗುರುತು ಹಿಡಿಯುವ ಮಷೀನು ಹಾಕಿಸೋಣ.

ಆಗ ಮೂಲೆಯಲ್ಲಿ ಕೂತಿದ್ದ ವಕೀಲರು ಬಾಯಿ ಬಿಟ್ಟರು. ಹೈಕೋರ್ಟಿಗೆ ಹೋಗುವವರು, ಸಭೆಯಲ್ಲಿ ಸಾಮಾನ್ಯವಾಗಿ ಮಾತೇ ಆಡದ ಹೆಂಗಸು. ಅವರು ಒಂದು ಹಳೆಯ ಕೇಸಿನ ಕತೆ ಹೇಳಿದರು.

ಉತ್ತರ ಪ್ರದೇಶದಲ್ಲಿ ಖರಕ್ ಸಿಂಗ್ ಅಂತ ಒಬ್ಬ. ಡಕಾಯಿತಿ ಕೇಸಿನಲ್ಲಿ ಹಿಡಿದರು, ಸಾಕ್ಷಿ ಇಲ್ಲ ಅಂತ ಬಿಟ್ಟರು. ಬಿಟ್ಟ ಮೇಲೂ ಪೊಲೀಸರು ಅವನ ಹೆಸರಿನಲ್ಲಿ ಒಂದು ಕಡತ ತೆರೆದರು. ರಾತ್ರಿ ಮನೆ ಬಾಗಿಲು ತಟ್ಟಿ ಎಬ್ಬಿಸುವುದು, ಹಗಲು ಎಲ್ಲಿಗೆ ಹೋದ, ಯಾವಾಗ ಬಂದ ಅಂತ ಬರೆದುಕೊಳ್ಳುವುದು. ಅವನು ಸುಪ್ರೀಂ ಕೋರ್ಟಿಗೆ ಹೋದ. 1962ರಲ್ಲಿ ತೀರ್ಪು ಬಂತು. ರಾತ್ರಿ ಬಂದು ಬಾಗಿಲು ತಟ್ಟುವುದು ತಪ್ಪು ಅಂತ ಕೋರ್ಟು ಹೇಳಿತು. ಆದರೆ ಓಡಾಟದ ಮೇಲೆ ಕಣ್ಣಿಡುವುದು ತಪ್ಪಲ್ಲ, ಯಾಕೆಂದರೆ ಖಾಸಗಿತನ ಅನ್ನುವ ಹಕ್ಕನ್ನು ನಮ್ಮ ಸಂವಿಧಾನ ಕೊಟ್ಟಿಲ್ಲ ಅಂತ ಹೆಚ್ಚಿನ ನ್ಯಾಯಮೂರ್ತಿಗಳು ಹೇಳಿದರು. ಆರು ಜನರಲ್ಲಿ ಇಬ್ಬರು ಮಾತ್ರ ಒಪ್ಪಲಿಲ್ಲ. ಅವರಲ್ಲಿ ಸುಬ್ಬರಾವ್ ಒಬ್ಬರು. ಹಿಂದೆ ಒಬ್ಬ ಪೊಲೀಸ್ ಸದಾ ನಡೆದು ಬರುತ್ತಿದ್ದರೆ ಅದನ್ನು ಮನಸೋ ಇಚ್ಛೆ ಓಡಾಟ ಅನ್ನುವುದು ಹೇಗೆ ಅನ್ನುವುದು ಅವರ ವಾದದ ತಿರುಳು.

"ಅವನ ಮೇಲೆ ಡಕಾಯಿತಿಯ ಗುಮಾನಿಯಾದರೂ ಇತ್ತು" ಅಂದರು ವಕೀಲರು. "ನಿಮ್ಮ ಮನೆ ಪಾತ್ರೆ ತೊಳೆಯೋರ ಮೇಲೆ ಏನು ಗುಮಾನಿ?"

ಬೇಸ್‌ಮೆಂಟಿನಲ್ಲಿ ಒಂದು ಕ್ಷಣ ಪಂಪಿನ ಸದ್ದು ಮಾತ್ರ ಕೇಳುತ್ತಿತ್ತು.

ಖಾಸಗಿತನ ಹಕ್ಕಲ್ಲ ಅನ್ನುವ ಆ ಹಳೆಯ ಮಾತು ಬಿದ್ದುಹೋಗುವುದಕ್ಕೆ ಐವತ್ತನಾಲ್ಕು ವರ್ಷ ಬೇಕಾಯಿತು. ಬೀಳಿಸಿದ್ದು ನಮ್ಮೂರಿನ ಹಿರಿಯರೊಬ್ಬರ ಕೇಸು. ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ನಮ್ಮಪ್ಪ ಪಿಂಚಣಿ ಪುಸ್ತಕ ಎಲ್ಲಿಟ್ಟೆ ಅಂತ ಹುಡುಕುತ್ತಿದ್ದರು. ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷ ನಂದನ್ ನಿಲೇಕಣಿ ಕೂಡ ಬೆಂಗಳೂರಿನವರೇ. ಆಧಾರ್ ಕಟ್ಟಿದವರೂ ಇಲ್ಲಿಯವರು, ಅದನ್ನು ತಡೆದು ನಿಲ್ಲಿಸಿ ಕೇಳಿದವರೂ ಇಲ್ಲಿಯವರು. ಈ ಊರಿನ ಬಗ್ಗೆ ನನಗೆ ಹೆಮ್ಮೆ ಅನ್ನಿಸುವ ವಿಷಯಗಳಲ್ಲಿ ಇದೂ ಒಂದು. ಟ್ರಾಫಿಕ್ಕಿನ ನಡುವೆ ಹೆಮ್ಮೆಪಡುವುದಕ್ಕೆ ಏನಾದರೂ ಬೇಕಲ್ಲ.

ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಕೇಂದ್ರ ಸರ್ಕಾರ 2015ರಲ್ಲಿ ವಾದ ಮಾಡಿತು. 1954ರ ಎಂಟು ನ್ಯಾಯಮೂರ್ತಿಗಳ ಒಂದು ತೀರ್ಪು, ಖರಕ್ ಸಿಂಗನ ಆರು ನ್ಯಾಯಮೂರ್ತಿಗಳ ತೀರ್ಪು, ಎರಡನ್ನೂ ಮುಂದಿಟ್ಟಿತು. ಅದನ್ನು ದಾಟಬೇಕಾದರೆ ಒಂಬತ್ತು ಜನ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಂದೇ ಮಾತು ಹೇಳಿದರು, ಖಾಸಗಿತನ ಮೂಲಭೂತ ಹಕ್ಕು. ನಮ್ಮ ಕರಾವಳಿಯ ಅಬ್ದುಲ್ ನಜೀರ್ ಕೂಡ ಆ ಪೀಠದಲ್ಲಿದ್ದರು. ಮರುವರ್ಷ ಆಧಾರ್ ಕೇಸಿನ ತೀರ್ಪು ಬಂದಾಗ ನಾಲ್ಕು ಜನ ಯೋಜನೆ ಸರಿ ಅಂದರು, ಚಂದ್ರಚೂಡ್ ಒಬ್ಬರು ತಪ್ಪು ಅಂದರು. ಬ್ಯಾಂಕಿಗೂ ಸಿಮ್ಮಿಗೂ ಆಧಾರ್ ಕಡ್ಡಾಯ ಮಾಡುವ ಹಾಗಿಲ್ಲ, ಸರ್ಕಾರದ ಸವಲತ್ತಿಗೆ ಮಾಡಬಹುದು ಅಂತಾಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. 98 ವರ್ಷ ಬದುಕಿದ್ದರು.

ಸವಲತ್ತಿಗೆ ಮಾಡಬಹುದು ಅನ್ನುವ ಆ ಸಣ್ಣ ಮಾತಿನ ಆಚೆಗೆ ನಾನು, ಈಚೆಗೆ ನಮ್ಮನೆಗೆ ಬರುವವರು. ನನಗೆ ಸಿಮ್ ಬೇಕು, ಬ್ಯಾಂಕ್ ಬೇಕು. ಅವರಿಗೆ ಅದರ ಜೊತೆ ರೇಷನ್ ಅಕ್ಕಿಯೂ ಬೇಕು. ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಬೇಕು. ದಿನಕ್ಕೆ ಐದು ಮನೆಯ ಪಾತ್ರೆ ಉಜ್ಜುವ ಬೆರಳಿನಲ್ಲಿ ಗೆರೆ ಎಲ್ಲಿ ಉಳಿಯುತ್ತದೆ? ಮಷೀನು ಕೆಂಪು ದೀಪ ತೋರಿಸುತ್ತದೆ. ಕೈ ಒರೆಸು, ಇನ್ನೊಂದು ಬೆರಳು ಇಡು, ನಾಳೆ ಬಾ. "ನನ್ನ ಬೆರಳೇ ನನ್ನ ಮಾತು ಕೇಳಲ್ಲ ಅಕ್ಕ" ಅಂತ ಒಮ್ಮೆ ಹೇಳಿದ್ದರು. ಆ ಬೆರಳು ಸವೆಯುವುದರಲ್ಲಿ ನಮ್ಮನೆ ಕುಕ್ಕರಿನ ಪಾಲೂ ಇದೆ. ಮಷೀನು ಅದನ್ನು ಬರೆದುಕೊಳ್ಳುವುದಿಲ್ಲ. ಗುರುವಾರದ ಬೀಗವನ್ನು ಆ್ಯಪ್ ಬರೆದುಕೊಳ್ಳದ ಹಾಗೆಯೇ. ಲೆಕ್ಕ ಒಬ್ಬರ ಹತ್ತಿರ ಇರುತ್ತದೆ, ಉತ್ತರ ಹೇಳಬೇಕಾದದ್ದು ಇನ್ನೊಬ್ಬರು.

ಈ ಮಾತು ಬಡವರಿಗೆ ಮಾತ್ರ ಅಂತಲ್ಲ. ನಮ್ಮ ಬೀದಿ ಮೂಲೆಯಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ಹಾಲು, ಬಾಳೆಹಣ್ಣು, ಖಾರ ಬನ್ನು, ನಿಂತು ಕುಡಿಯುವ ಟೀ. 2025ರ ಜುಲೈಯಲ್ಲಿ ಒಂದು ದಿನ ಅಲ್ಲಿ ಗಾಜಿಗೆ ಅಂಟಿಸಿದ್ದ ಕ್ಯೂಆರ್ ಕಾಣಲಿಲ್ಲ. ಅದರ ಜಾಗದಲ್ಲಿ ಒಂದು ರಟ್ಟು. "ನೋ ಯುಪಿಐ, ಓನ್ಲಿ ಕ್ಯಾಶ್." ಆ ತಿಂಗಳು ಊರಿನ ತುಂಬಾ ಇದೇ ರಟ್ಟು. ವರ್ಷಕ್ಕೆ 40 ಲಕ್ಷಕ್ಕಿಂತ ಜಾಸ್ತಿ ಯುಪಿಐನಲ್ಲಿ ಬಂದಿದೆ, ಜಿಎಸ್‌ಟಿ ನೋಂದಣಿ ಯಾಕೆ ಮಾಡಿಸಿಲ್ಲ ಅಂತ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಹಿಂದಿನ ನಾಲ್ಕು ವರ್ಷದ ಲೆಕ್ಕ ಸಮೇತ.

ನಮ್ಮನೆಯಲ್ಲಿ ಇದರ ಮೇಲೆ ಎರಡು ದಿನ ವಾದ ನಡೆಯಿತು. ನಮ್ಮನೆಯವರು ಸಂಬಳದವರು. "ನನ್ನ ತೆರಿಗೆ ಸಂಬಳ ಕೈಗೆ ಬರೋ ಮೊದಲೇ ಹೋಗುತ್ತೆ. ಅವರು ಕಟ್ಟಲಿ ಬಿಡು" ಅಂದರು. ಅದೂ ನಿಜ. ಕಾನೂನು ಎಲ್ಲರಿಗೂ ಒಂದೇ, ಸರಕಿಗೆ 40 ಲಕ್ಷದ ಮಿತಿ, ಸೇವೆಗೆ 20 ಲಕ್ಷ. ಆದರೆ ಕ್ಯೂಆರ್ ಚೀಟಿಗೆ ಹಾಲು, ತರಕಾರಿಗೆ ತೆರಿಗೆ ಇಲ್ಲ ಅನ್ನುವುದು ಗೊತ್ತಿಲ್ಲ. ಬಾಮೈದ ಕಳಿಸಿದ ಸಾಲವೂ ಅದರಲ್ಲಿ ಬಂದಿರಬಹುದು, ಚೀಟಿ ದುಡ್ಡೂ ಬಂದಿರಬಹುದು. ಅದು ಒಟ್ಟು ಮೊತ್ತ ಮಾತ್ರ ಹೇಳುತ್ತದೆ. ಮಿಕ್ಕದ್ದನ್ನು ಅಂಗಡಿಯವರು ಬನ್ನು ಮಾರುವುದು ಬಿಟ್ಟು ಹೋಗಿ ಬಿಡಿಸಿ ಹೇಳಬೇಕು. ಬಂದ್ ಮಾಡುತ್ತೇವೆ ಅಂತ ವ್ಯಾಪಾರಿಗಳು ಎದ್ದ ಮೇಲೆ ಮುಖ್ಯಮಂತ್ರಿಗಳು ಕರೆದು ಮಾತಾಡಿದರು, ಹಳೆಯ ಬಾಕಿ ವಸೂಲಿ ಮಾಡಲ್ಲ ಅಂದರು. ಕ್ಯೂಆರ್ ಮತ್ತೆ ಗಾಜಿಗೆ ಬಂತು. ತೆರಿಗೆ ಕೇಳಿದ್ದು ತಪ್ಪು ಅಂತ ನಾನು ಹೇಳಲಾರೆ, ಕೇಳಿದ ಬಗೆ ಸರಿಯಿರಲಿಲ್ಲ. ಅಂಗಡಿಯವರು ನನಗೆ ಹೇಳಿದ್ದು ಇಷ್ಟು: "ದುಡ್ಡು ಹಾಕ್ಕೊಳ್ಳೋಕೆ ಅಂಟಿಸಿದ್ದೆ ಮೇಡಂ. ಅದು ಬರ್ಕೊಳ್ತಾ ಇತ್ತು ಅಂತ ಗೊತ್ತಿರಲಿಲ್ಲ."

ಅದೇ ವರ್ಷ ಅಕ್ಟೋಬರಿನಲ್ಲಿ ಇನ್ನೊಂದು ಆಯಿತು. ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ. ಅರವತ್ತು ಪ್ರಶ್ನೆ. ಯಾರನ್ನೂ ಬಲವಂತ ಮಾಡುವ ಹಾಗಿಲ್ಲ, ಕೊಟ್ಟ ಮಾಹಿತಿ ಗುಟ್ಟಾಗಿ ಇಡಬೇಕು ಅಂತ ಹೈಕೋರ್ಟು ಹೇಳಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ಮಾತು ಎಲ್ಲರ ನಾಲಿಗೆ ತುದಿಯಲ್ಲಿತ್ತು. ಸಮೀಕ್ಷೆಗೆ ಬಂದ ಮೇಷ್ಟ್ರು ಗೇಟಿನಲ್ಲೇ ಅರ್ಧ ಗಂಟೆ ನಿಂತರು. ಅವರ ಫೋಟೋವನ್ನೂ ಆ್ಯಪ್ ಹಿಡಿದುಕೊಂಡಿತು ಅನ್ನಿ. ಹಲವರು ಬಾಗಿಲಲ್ಲೇ ಕೈ ಮುಗಿದು ಕಳಿಸಿದರು, ನಮ್ಮ ಪ್ರೈವೆಸಿ ಅಂತ. ನಾನು ಉತ್ತರ ಕೊಟ್ಟೆ. ಯಾರು ಎಲ್ಲಿ ಹಿಂದುಳಿದಿದ್ದಾರೆ ಅಂತ ಲೆಕ್ಕವೇ ಇಲ್ಲದಿದ್ದರೆ ಹಂಚುವುದು ಹೇಗೆ ಅನ್ನುವುದು ನನ್ನ ಅಭಿಪ್ರಾಯ. ಬೇಡ ಅಂದವರ ಹಕ್ಕನ್ನೂ ಒಪ್ಪುತ್ತೇನೆ. ಮಾರನೇ ದಿನ ನಮ್ಮನೆಗೆ ಬರುವವರನ್ನು ಕೇಳಿದೆ, ನಿಮ್ಮ ಕಡೆ ಬಂದಿದ್ರಾ? "ಬಂದಿದ್ರು. ಎಲ್ಲ ಹೇಳ್ದೆ. ಬೇಡ ಅನ್ನಬಹುದಾ?" ಅಂದರು.

ಬೇಡ ಅನ್ನಬಹುದಾ ಅಂತ ಅವರು ನಿಜವಾಗಿ ಕೇಳಿದರು. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಕಾನೂನಿನ ಪ್ರಕಾರ ಅನ್ನಬಹುದು. ಆದರೆ ಬೇಡ ಅಂದರೆ ರೇಷನ್ ಕಾರ್ಡಿಗೆ ಏನಾದರೂ ಆದೀತು ಅನ್ನುವ ಭಯ ಅವರಿಗೆ ಇದ್ದೇ ಇದೆ. ಬಾಗಿಲಿಗೆ ಬಂದವರಿಗೆ ಬೇಡ ಅಂದು ಒಳಗೆ ಹೋಗಿ ಟಿವಿ ಹಾಕಿಕೊಳ್ಳುವ ಧೈರ್ಯ ಕಾಗದದಿಂದ ಬರುವಂಥದ್ದಲ್ಲ.

ಸಭೆಗೆ ವಾಪಸ್ ಬರುತ್ತೇನೆ. ಕಾನೂನು ಏನು ಹೇಳುತ್ತೆ ಅಂತ ಕೇಳಿದ್ದಕ್ಕೆ ವಕೀಲರು ಹೇಳಿದ್ದರಲ್ಲಿ ನನಗೆ ನೆನಪಿರುವುದು ಇಷ್ಟು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಅಂತಲೇ 2023ರಲ್ಲಿ ಒಂದು ಕಾಯ್ದೆ ಆಗಿದೆ. ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯವಾದ ಕಟ್ಟುಪಾಡುಗಳು ಜಾರಿಯಾಗುವುದಕ್ಕೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಇದೆ. ದಂಡ 250 ಕೋಟಿವರೆಗೂ ಹೋಗಬಹುದು. ಈ ಅಂಕಿ ಕೇಳಿ ನಮ್ಮ ಖಜಾಂಚಿಗಳು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಲಿಫ್ಟ್ ರಿಪೇರಿಗೇ ಅವರ ಹತ್ತಿರ ದುಡ್ಡಿಲ್ಲ.

ತಮಾಷೆ ಅಂದರೆ ಹಳೆಯ ನೋಟ್‌ಬುಕ್ಕಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಕಾಗದದ ಮೇಲೆ ಬರೆದದ್ದು ಕಂಪ್ಯೂಟರಿಗೆ ಏರಿದರೆ ಮಾತ್ರ ಕಾಯ್ದೆಯ ಕೈಗೆ ಸಿಗುತ್ತದೆ. ಇನ್ನೊಂದು, ಒಪ್ಪಿಗೆ ಕೇಳುವಾಗ ಯಾವ ಮಾಹಿತಿ, ಯಾತಕ್ಕೆ ಅಂತ ಸರಳವಾಗಿ ಹೇಳಬೇಕು. ಅದನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಅನುಸೂಚಿ ಪಟ್ಟಿ ಮಾಡಿರುವ ಯಾವುದಾದರೂ ಭಾಷೆಯಲ್ಲೋ ಓದಿಕೊಳ್ಳುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲಿ ಕೊಡಿ ಅಂತ ಕೇಳಬಹುದು. ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳುವುದು ಕೊಟ್ಟಷ್ಟೇ ಸುಲಭ ಇರಬೇಕು. ನಮ್ಮ ಗೇಟಿನಲ್ಲಿ ಕೆಲಸದವರಿಂದ ಸಹಿ ಹಾಕಿಸಿಕೊಂಡ ಹಾಳೆ ಎರಡು ಪುಟದ ಇಂಗ್ಲಿಷು. ಸಹಿ ಹಾಕದವರಿಗೆ ಒಳಗೆ ಪ್ರವೇಶ ಇರಲಿಲ್ಲ. ಅದನ್ನು ಒಪ್ಪಿಗೆ ಅಂತ ಕರೆಯುವುದಕ್ಕೆ ಬಾಯಿ ಬರುತ್ತಾ?

"ಆದರೆ ಕೆಲಸ ಕೊಡೋರು ತಮ್ಮ ರಕ್ಷಣೆಗೆ ಮಾಹಿತಿ ಇಟ್ಟುಕೊಳ್ಳೋಕೆ ಅದೇ ಕಾಯ್ದೆ ಒಂದು ಬಾಗಿಲು ತೆರೆದಿದೆ" ಅಂದರು ವಕೀಲರು. ಬ್ಯಾಂಕಿನ ಹಿರಿಯರು "ನೋಡಿ, ನಾನು ಹೇಳಲಿಲ್ವಾ" ಅಂದರು. "ಸಂಬಳ ಕೊಡೋದು ನೀವು ಸಾರ್. ಫೋಟೋ ಇಟ್ಟುಕೊಂಡಿರೋದು ಸಂಘ. ಸಂಘಕ್ಕೆ ಆ ಬಾಗಿಲಲ್ಲಿ ಜಾಗ ಇದೆಯಾ ಅಂತ ಯಾರಾದರೂ ಕೋರ್ಟಿಗೆ ಹೋದಾಗಲೇ ಗೊತ್ತಾಗೋದು." ಯಾರು ಹೋಗುತ್ತಾರೆ ಅಂತ ಯಾರೂ ಕೇಳಲಿಲ್ಲ. ಐದು ಮನೆ ಕೆಲಸ ಬಿಟ್ಟು ಯಾರು ಹೋಗುತ್ತಾರೆ?

ಇದೇ ಕಾಯ್ದೆ ಮಾಹಿತಿ ಹಕ್ಕಿಗೂ ಕತ್ತರಿ ಹಾಕಿದೆ ಅಂತ ಅವರು ಎದ್ದು ಹೋಗುವಾಗ ಮೆಲ್ಲಗೆ ಹೇಳಿದರು. ವೈಯಕ್ತಿಕ ಮಾಹಿತಿ ಅನ್ನುವ ಹೆಸರಿನಲ್ಲಿ ಇನ್ನು ಮೇಲೆ ಅಧಿಕಾರಿಗಳ ಬಗ್ಗೆ ಕೇಳಿದ ವಿವರವನ್ನೂ ಕೊಡಲ್ಲ ಅನ್ನುವುದು ಸುಲಭ. ಒಬ್ಬ ಮುದುಕರು ಎಲ್ಲರಿಗಾಗಿ ಗೆದ್ದು ತಂದ ಮಾತನ್ನು ದೊಡ್ಡವರು ಮೊದಲು ಮೈಮೇಲೆ ಹೊದ್ದುಕೊಂಡರು. ಇದರ ಬಗ್ಗೆ ಬರೆದರೆ ಇನ್ನೊಂದು ಬರಹವೇ ಆಗುತ್ತದೆ.

ಕೊನೆಗೆ ಆ ಸಭೆಯಲ್ಲಿ ಆದದ್ದು ಸ್ವಲ್ಪವೇ. ನಕ್ಷತ್ರ ತೆಗೆಯುವುದು ಅಂತಾಯಿತು. ಯಾರ ಮನೆಯ ಕೆಲಸದವರ ಹೊತ್ತು ಆ ಮನೆಯವರಿಗೆ ಮಾತ್ರ ಕಾಣಬೇಕು ಅಂತಾಯಿತು. ಮುಖ ಹಿಡಿಯುವ ಮಷೀನು ಮುಂದಿನ ಸಭೆಗೆ. ಅದು ಬಂದೇ ಬರುತ್ತದೆ ಅಂತ ನನ್ನ ಅನುಮಾನ. ಕೆಲಸ ಬಿಟ್ಟುಹೋದವರ ಹೆಸರು, ಫೋಟೋ ಅಳಿಸಬೇಕು ಅಂತಲೂ ಆಯಿತು. ಮಾತು ಎತ್ತಿದವಳು ನಾನೇ ಆದ್ದರಿಂದ ಆ ಕೆಲಸ ನನ್ನ ತಲೆಗೆ ಬಂತು.

ನಾನು ಫೋನಿನಲ್ಲಿ ಗೇಟಿನ ಟಿಂಗ್ ಸದ್ದನ್ನು ನಿಲ್ಲಿಸಿದೆ. ಮನೆಯಲ್ಲಿ ಇರುವುದಿಲ್ಲ ಅಂದರೆ ಹಿಂದಿನ ದಿನವೇ ಅವರಿಗೆ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಹಾಕುತ್ತೇನೆ. ಎರಡು ಸಲ ಮರೆತೂ ಇದ್ದೇನೆ. ಎರಡನೇ ಸಲ ಅವರು ಬರೀ ಮುಖ ನೋಡಿದರು, ಏನೂ ಹೇಳಲಿಲ್ಲ.

ಒಂದು ಭಾನುವಾರ ಪಟ್ಟಿ ತೆಗೆದು ಕೂತೆ. ನೂರಕ್ಕೂ ಮೇಲೆ ಹೆಸರು. ಅರ್ಧಕ್ಕರ್ಧ ಯಾರು ಅಂತಲೇ ಗೊತ್ತಿಲ್ಲ. ಯಾರೋ ಪೇಂಟರು, ಯಾವುದೋ ಮಗು ನೋಡಿಕೊಳ್ಳುತ್ತಿದ್ದ ಅಜ್ಜಿ. ಒಬ್ಬೊಬ್ಬರನ್ನೇ ಅಳಿಸುತ್ತಾ ಬಂದೆ. ನಡುವೆ ಒಂದು ಫೋಟೋ. ಗೇಟಿನ ಗೋಡೆಗೆ ಒರಗಿ ನಿಲ್ಲಿಸಿ ತೆಗೆದದ್ದು, ಬಿಸಿಲಿಗೆ ಕಣ್ಣು ಕಿರಿದಾಗಿದೆ, ಕಿವಿಯ ಪಕ್ಕ ಮಲ್ಲಿಗೆಯ ತುದಿ. ನಮ್ಮನೆಗೆ ಮೊದಲು ಬರುತ್ತಿದ್ದವರು. ತಾಯಿಗೆ ಹುಷಾರಿಲ್ಲ ಅಂತ 2022ರ ಏಪ್ರಿಲಿನಲ್ಲಿ ಯಾದಗಿರಿ ಕಡೆಯ ತಮ್ಮ ಊರಿಗೆ ಹೋದರು, ಮತ್ತೆ ಬರಲಿಲ್ಲ.

ಅಳಿಸು ಅಂತ ಒತ್ತಿದೆ. ಆಗಲಿಲ್ಲ. ಈ ವ್ಯಕ್ತಿ ಒಳಗಿದ್ದಾರೆ, ಮೊದಲು ಹೊರಗೆ ಹೋದದ್ದನ್ನು ದಾಖಲಿಸಿ ಅಂತ ಬಂತು.

ಅವರು ಹೋದ ದಿನ ಗೇಟಿನಲ್ಲಿ ಕರೆಂಟೋ ನೆಟ್ಟೋ ಇರಲಿಲ್ಲ ಅಂತ ಕಾಣುತ್ತದೆ. ಬಂದದ್ದು ಬರೆದಿದೆ, ಹೋದದ್ದು ಬರೆದಿಲ್ಲ. ಹೊರಗೆ ಕಳಿಸುವ ಬಟನ್ನು ಗೇಟಿನ ಟ್ಯಾಬಿನಲ್ಲಿ ಮಾತ್ರ ಇರುವುದು. ಕೆಳಗೆ ಇಳಿದು ಸೆಕ್ಯುರಿಟಿಯವರಿಗೆ ವಿಷಯ ಹೇಳಿದೆ. ಅವರು ಹೊಸಬರು, ಅಸ್ಸಾಂ ಕಡೆಯವರು, ಕನ್ನಡ ಚೆನ್ನಾಗಿಯೇ ಕಲಿತಿದ್ದಾರೆ. ಟ್ಯಾಬ್ ತೆಗೆದು ಹುಡುಕಿದರು. ಫೋಟೋ ನೋಡಿದರು. ನನ್ನನ್ನು ನೋಡಿದರು.

"ಸರಿ ಮೇಡಂ, ಹೊರಗೆ ಹಾಕ್ತೀನಿ" ಅಂದರು. "ಬ್ಯಾಗ್ ಚೆಕ್ ಮಾಡಿದ್ದು ಅಂತ ಹಾಕ್ಲಾ, ಮಾಡಿಲ್ಲ ಅಂತ ಹಾಕ್ಲಾ?"